ಕಿತ್ತಳೆ ಪೆಟ್ಟಿಗೆಯ ಎಥಿಲೀನ್‌ಗೆ ಯಾವ ಕಾಲಮ್?

ನಮಸ್ಕಾರ. ಗೋಣಿಕೊಪ್ಪದಲ್ಲಿ ಕಿತ್ತಳೆ ಇಟ್ಟ ಪೆಟ್ಟಿಗೆಯ ಗಾಳಿಯಲ್ಲಿ ಎಥಿಲೀನ್ (ಹಣ್ಣು ಮಾಗಿಸುವ ಅನಿಲ) ಅಳೆಯಬೇಕು, ಆದರೆ ಗ್ಯಾಸ್ ಕ್ರೊಮ್ಯಾಟೋಗ್ರಾಫ್‌ನಲ್ಲಿ, ಅಂದರೆ ಅನಿಲಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರದಲ್ಲಿ, ಅದು ಈಥೇನ್ ಅನಿಲದ ಜೊತೆ ಒಂದೇ ಪೀಕ್ (ನಕ್ಷೆಯ ಉಬ್ಬು) ಆಗಿ ಬರ್ತಿದೆ ಅಂದಿದ್ದೀರಿ. ನಿಮ್ಮ ಹತ್ತಿರ ಇರೋ ಕಾಲಮ್, ಅಂದರೆ ಅನಿಲಗಳನ್ನು ಬಿಡಿಸುವ ಸಪೂರ ಕೊಳವೆ, ಒಳಗೆ ಮೀಥೈಲ್ ಸಿಲಿಕೋನ್ ಲೇಪ ಇರೋ ಸಾಮಾನ್ಯದ್ದು ಅಲ್ವಾ? ಇಷ್ಟು ಹಗುರ ಅನಿಲಗಳನ್ನು ಅದು ಹಿಡಿದಿಡುವುದೇ ಇಲ್ಲ. ಓವನ್ ತಾಪ ಬದಲಿಸ್ತಾ ಸುಮ್ನೆ ದಿನ ಕಳೆಯಬೇಡಿ.

ಅಲ್ಯುಮಿನಾ ಪ್ಲಾಟ್ (PLOT, ಒಳಗೋಡೆಗೆ ರಂಧ್ರಮಯ ಪದರ ಇರುವ) ಕಾಲಮ್ ಈಥೇನ್, ಎಥಿಲೀನ್ ಎರಡನ್ನೂ ಚೆನ್ನಾಗಿ ಬಿಡಿಸುತ್ತದೆ. ಮೊದಲು ಈಥೇನ್, ಆಮೇಲೆ ಎಥಿಲೀನ್. ಆದರೆ ಅದಕ್ಕೆ ನೀರಿನ ತೇವ ಆಗುವುದಿಲ್ಲ. ಹಣ್ಣಿನ ಉಸಿರು, ಜೊತೆಗೆ ನಮ್ಮ ಕೊಡಗಿನ ಮಳೆಗಾಲ! ತೇವ ಸೇರಿದಂತೆ ಪೀಕ್‌ಗಳು ದಿನದಿನಕ್ಕೆ ಬೇಗ ಬರತೊಡಗುತ್ತವೆ. ಕಾಲಮ್ ಅನ್ನು 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಿದರೆ ಮತ್ತೆ ಸರಿಯಾಗುತ್ತದೆ, ಅದಕ್ಕಿಂತ ಜಾಸ್ತಿ ಬೇಡ.

ಹಾಗಾಗಿ ನಿಮಗೆ ನಾನು ಹೇಳೋದು ಕ್ಯೂ (Q) ಮಾದರಿಯ ಪ್ಲಾಟ್ ಕಾಲಮ್, ಅಂದರೆ ಅಲ್ಯುಮಿನಾ ಬದಲು ರಂಧ್ರಮಯ ಪಾಲಿಮರ್ ಪದರ ಇರುವಂಥದ್ದು. ತೇವ ತಡೆಯುತ್ತದೆ. ಇದರಲ್ಲಿ ಎಥಿಲೀನ್ ಮೊದಲು ಬರುತ್ತದೆ, ಪೀಕ್ ಗುರುತಿಸುವಾಗ ನೆನಪಿರಲಿ.