ಕಾಲೇಜು ಫುಟ್‌ಬಾಲ್ ಜೆರ್ಸಿಗೆ ಮೊಂಡ್ರಿಯಾನ್‌ನ ಯಾವ ಚಿತ್ರ ಹಾಕಿಸಿದರೆ ಚೆನ್ನಾಗಿರುತ್ತೆ?

ಯಾವುದೂ ಬೇಡ. (ಮೊಂಡ್ರಿಯಾನ್ ಅಂದರೆ ಕಪ್ಪು ಗೆರೆ, ಕೆಂಪು-ನೀಲಿ-ಹಳದಿ ಚೌಕಗಳ ಚಿತ್ರ ಬಿಡಿಸಿದ ಡಚ್ ಕಲಾವಿದ.) ಆರು ವರ್ಷದ ಹಿಂದೆ ಇದೇ ಪ್ರಶ್ನೆ ನನ್ನ ತಲೆಯಲ್ಲಿತ್ತು. ಚಿತ್ರವನ್ನೂ ಆರಿಸಿದ್ದೆ, ದುಡ್ಡನ್ನೂ ಕಟ್ಟಿದ್ದೆ. 22 ಜೆರ್ಸಿ ಒಂದೇ ಒಂದು ಮ್ಯಾಚಿಗೆ ಮುಗಿದವು.

ಆಗ ಕೆಲಸದ ಮೇಲೆ ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್‌ನಲ್ಲಿದ್ದೆ. ಭಾನುವಾರ ಆಡುವ ನಮ್ಮದೊಂದು ಚಿಕ್ಕ ತಂಡ. ಅರ್ಧ ಡಚ್ಚರು, ಅರ್ಧ ನಮ್ಮಂಥ ಹೊರಗಿನವರು. ದಿನಾ ಸೈಕಲ್ ತುಳಿಯುವ ದಾರಿಯಲ್ಲೇ ವಾಸ್ತುಶಿಲ್ಪಿ ರೀಟ್‌ವೆಲ್ಡ್ 1924ರಲ್ಲಿ ಕಟ್ಟಿದ ಶ್ರೋಡರ್ ಮನೆ. ಬಿಳಿ, ಬೂದು ಗೋಡೆಗಳು, ನಡುನಡುವೆ ಕೆಂಪು, ನೀಲಿ, ಹಳದಿ ಗೆರೆಗಳು. ಮೊಂಡ್ರಿಯಾನ್ ಹುಟ್ಟಿದ ಆಮರ್ಸ್‌ಫೋರ್ಟ್ ಅಲ್ಲಿಂದ ರೈಲಿನಲ್ಲಿ ಅರ್ಧ ಗಂಟೆಯೂ ಇಲ್ಲ. ಇವರಿಬ್ಬರೂ ಸೇರಿದ್ದ ‘ಡೆ ಸ್ಟೈಲ್’ ಕಲಾವಿದರ ಗುಂಪಿನ ಪತ್ರಿಕೆ 1917ರಲ್ಲಿ ಶುರುವಾಗಿದ್ದು ಲೈಡನ್‌ನಲ್ಲಿ. ಊರಿನ ಸ್ವತ್ತೇ ಕಣ್ಣ ಮುಂದಿರುವಾಗ ನಮ್ಮ ಜೆರ್ಸಿ ಇನ್ನೇನಾಗಿರಲು ಸಾಧ್ಯ ಅಂತ ನನ್ನ ಯೋಚನೆ. ಫ್ರಾನ್ಸಿನ ಲಾ ವಿ ಕ್ಲೇರ್ ಸೈಕಲ್ ತಂಡದ ಜೆರ್ಸಿ ಬೇರೆ ಮನಸ್ಸಿನಲ್ಲಿತ್ತು. ಮೊಂಡ್ರಿಯಾನ್ ಚೌಕಗಳ ಆ ಜೆರ್ಸಿಯ ತಂಡದಿಂದಲೇ 1985ರಲ್ಲಿ ಇನೋ, 1986ರಲ್ಲಿ ಲೆಮಾಂಡ್ ಟೂರ್ ದೆ ಫ್ರಾನ್ಸ್ ಗೆದ್ದಿದ್ದರು.

ತಿರುಪ್ಪೂರಿನ ಒಂದು ಚಿಕ್ಕ ಯೂನಿಟ್‌ಗೆ ಫೈಲ್ ಕಳಿಸಿದೆ. ಅಲ್ಲಿನ ಕಟಿಂಗ್ ಮಾಸ್ಟರ್ ಫೋನ್ ಮಾಡಿ, ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಕೇಳಿದರು: “ಸಾರ್, ಸೈಡ್‌ನಲ್ಲಿ ಗೆರೆ ಕೂಡಬೇಕಾ?” ನಾನು ಆಫೀಸಿನಲ್ಲಿದ್ದೆ. “ಫೈಲ್‌ನಲ್ಲಿ ಹೇಗಿದೆಯೋ ಹಾಗೇ ಪ್ರಿಂಟ್ ಹಾಕಿ” ಅಂದುಬಿಟ್ಟೆ.

ನನ್ನ ತಪ್ಪೆಲ್ಲ ಆ ಒಂದು ಮಾತಿನಲ್ಲಿತ್ತು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಜೆರ್ಸಿ ಒಂದು ಹಾಳೆ ಅಲ್ಲ. ಮುಂದಿನ ತುಂಡು, ಬೆನ್ನಿನ ತುಂಡು, ಎರಡು ತೋಳು, ಕಾಲರ್ ಸೇರಿ ಜೆರ್ಸಿ. ಇಂಥ ಜೆರ್ಸಿಗೆ ಬಣ್ಣ ಹಾಕುವ ಸಬ್ಲಿಮೇಷನ್ ಪ್ರಿಂಟಿಂಗ್‌ನಲ್ಲಿ ಮೊದಲು ಕಾಗದದ ಮೇಲೆ ಪ್ರಿಂಟ್ ತೆಗೆಯುತ್ತಾರೆ. ಅದನ್ನು ಬಿಳಿ ಪಾಲಿಯೆಸ್ಟರ್ ಮೇಲಿಟ್ಟು ಸುಮಾರು 200 ಡಿಗ್ರಿ ಬಿಸಿಯಲ್ಲಿ ಒತ್ತುತ್ತಾರೆ. ಬಣ್ಣ ಆವಿಯಾಗಿ ನೂಲಿನೊಳಗೆ ಸೇರುತ್ತೆ. ಹೊಲಿಗೆ ಬೀಳುವುದು ಆಮೇಲೆ. ಹೊಲಿಗೆ ಪ್ರತಿ ಅಂಚಿನಿಂದಲೂ ಹತ್ತಿರ ಹತ್ತಿರ ಒಂದು ಸೆಂಟಿಮೀಟರ್ ಬಟ್ಟೆ ತಿನ್ನುತ್ತೆ. ಅದರ ಮೇಲೆ ಸೈಜಿನ ಲೆಕ್ಕ ಬೇರೆ. ನಾನು ಒಂದೇ ಚಿತ್ರವನ್ನು ಎಸ್‌ಗೆ ಕುಗ್ಗಿಸಿ, ಡಬಲ್ ಎಕ್ಸೆಲ್‌ಗೆ ಹಿಗ್ಗಿಸಿ ಕಳಿಸಿದ್ದೆ. ಮುಂದಿನ ತುಂಡು, ಹಿಂದಿನ ತುಂಡು ಒಂದೇ ಅಳತೆಯಲ್ಲಿ ಬೆಳೆಯಲ್ಲ ಅಂತ ನನಗೆ ಗೊತ್ತೇ ಇರಲಿಲ್ಲ.

ಪಾರ್ಸೆಲ್ ಬಿಚ್ಚಿ ಒಂದು ಜೆರ್ಸಿಯನ್ನು ಮೇಜಿನ ಮೇಲೆ ಹರಡಿದೆ. ಹೊಟ್ಟೆಯ ಹತ್ತಿರದ ಕಪ್ಪು ಗೆರೆ ಪಕ್ಕೆಯ ಹೊಲಿಗೆಯಲ್ಲಿ ತುಂಡಾಗಿ, ಬೆನ್ನಿನಲ್ಲಿ ನಾಲ್ಕು ಬೆರಳು ಮೇಲೆ ಶುರುವಾಗಿತ್ತು. ಕಂಕುಳಲ್ಲಿ ಕೆಂಪು ಚೌಕದ ಬರೀ ಒಂದು ಸೀಳು ಉಳಿದಿತ್ತು, ಗಾಯದ ಗುರುತಿನ ಹಾಗೆ. ಮೊಂಡ್ರಿಯಾನ್‌ನ ಕೊನೆಯ ಚಿತ್ರ ‘ವಿಕ್ಟರಿ ಬೂಗಿ ವೂಗಿ’ ಹೇಗ್‌ನ ಮ್ಯೂಸಿಯಂನಲ್ಲಿದೆ. ಹತ್ತಿರ ಹೋದರೆ ಬಣ್ಣದ ಟೇಪಿನ ತುಂಡುಗಳು ಕಾಣುತ್ತವೆ. 1944ರಲ್ಲಿ ಸಾಯುವವರೆಗೂ ಆತ ಅವನ್ನು ಅಂಟಿಸುತ್ತಾ ಬದಲಾಯಿಸುತ್ತಾ ಇದ್ದ. ಗೆರೆ ಎಲ್ಲಿರಬೇಕು ಅನ್ನುವುದಕ್ಕೇ ಅಷ್ಟು ತಲೆ ಕೆಡಿಸಿಕೊಂಡವನ ಗೆರೆಯನ್ನು ನಾನು ಕಂಕುಳಲ್ಲಿ ಮುರಿದುಬಿಟ್ಟಿದ್ದೆ. ತುಂಬಾ ನೋವಾಯ್ತು.

ಆದರೂ ಹಾಕಿಕೊಂಡು ಆಡಿದೆವು. ಅಕ್ಟೋಬರ್, ಜಿನುಗು ಮಳೆ. ಎದುರಿನವರದು ಬಿಳಿ ಅಂಗಿ, ನೀಲಿ ಪಟ್ಟೆ. ಹತ್ತಿರದಿಂದ ನಮ್ಮ ಚೌಕಗಳು ಚೆನ್ನಾಗಿಯೇ ಕಂಡವು. ದೂರ ಹೋದ ಹಾಗೆ ಎಲ್ಲ ಕಲಸಿಹೋಯ್ತು. ಆಡುವಾಗ ಯಾರೂ ಮುಖ ನೋಡಿ ಪಾಸ್ ಕೊಡಲ್ಲ, ಅಲ್ವಾ? ಕಣ್ಣಂಚಿನಲ್ಲಿ ಬಣ್ಣ ಕಂಡ ಕಡೆ ಕಾಲು ಹೋಗುತ್ತೆ. ನಮ್ಮವರು ಮೂರು ಸಲ ನೇರವಾಗಿ ಎದುರಿನವರಿಗೇ ಚೆಂಡು ಕೊಟ್ಟರು. ಬೆನ್ನ ಮೇಲೆ 6 ಯಾವುದು, 8 ಯಾವುದು ಗೊತ್ತಾಗುತ್ತಿರಲಿಲ್ಲ, ಸಂಖ್ಯೆಯೂ ಕಪ್ಪು, ಗೆರೆಯೂ ಕಪ್ಪು. ಇಪ್ಪತ್ತನೇ ನಿಮಿಷಕ್ಕೆ ರೆಫರಿ ಆಟ ನಿಲ್ಲಿಸಿ ನಮಗೆಲ್ಲ ಜೆರ್ಸಿ ಮೇಲೆ ಹಳದಿ ಬಿಬ್ (ತೋಳಿಲ್ಲದ ಮೇಲಂಗಿ) ಹಾಕಿಸಿದರು. ಅವರು ಮಾಡಿದ್ದು ಸರಿ. ಎರಡು ತಂಡಗಳ ಬಣ್ಣ ಬೇರೆ ಬೇರೆ ಕಾಣಲೇಬೇಕು ಅಂತ ಆಟದ 4ನೇ ನಿಯಮವೇ ಹೇಳುತ್ತೆ.

ಆಮೇಲೆ ಓದಲು ಕೂತೆ. ಮೊದಲೇ ಓದಬೇಕಿತ್ತು. ರಷ್ಯಾದ ಕಲಾವಿದೆ ವರ್ವಾರಾ ಸ್ಟೆಪನೋವಾ 1923ರಲ್ಲೇ ಮಾಸ್ಕೋದ ‘ಲೆಫ್’ ಪತ್ರಿಕೆಯಲ್ಲಿ ಇದನ್ನೆಲ್ಲ ಬರೆದಿದ್ದಳು. ಅಂಗಿಗೆ ಅಲಂಕಾರ ಬೇಡ, ಹೊಲಿಗೆಯೇ ಅದಕ್ಕೆ ರೂಪ ಕೊಡಲಿ. ಆಟದ ಅಂಗಿಯಾದರೆ ದೂರದಿಂದ ನೋಡುವವರು ಬಣ್ಣದಿಂದಲೇ ತಂಡ ಗುರುತಿಸುತ್ತಾರೆ, ಅದಕ್ಕೇ ಬಣ್ಣ ಗಟ್ಟಿಯಾಗಿರಲಿ. ಫುಟ್‌ಬಾಲ್ ಕಿಟ್ ಬಗ್ಗೆ ಇದಕ್ಕಿಂತ ಒಳ್ಳೆಯ ಮಾತನ್ನು ನಾನು ಇನ್ನೂ ಓದಿಲ್ಲ. 1965ರಲ್ಲಿ ಫ್ರೆಂಚ್ ಫ್ಯಾಷನ್ ಡಿಸೈನರ್ ಈವ್ ಸಾನ್ ಲೋರಾನ್ ಮಾಡಿದ ಮೊಂಡ್ರಿಯಾನ್ ಫ್ರಾಕ್ ನೋಡಿ. ಅದು ಪ್ರಿಂಟ್ ಅಲ್ಲ. ಬಣ್ಣ ಬಣ್ಣದ ತುಂಡುಗಳನ್ನು ಜೋಡಿಸಿ ಹೊಲಿದದ್ದು. ಮೈಗೆ ಹೊಂದಿಸಲು ಬೇಕಾದ ಹೊಲಿಗೆಯೆಲ್ಲ ಆ ಗೆರೆಗಳಲ್ಲೇ ಅಡಗಿದೆ.

ನನಗೆ ದಾರಿ ತೋರಿಸಿದ್ದು ಮಾತ್ರ ರೀಟ್‌ವೆಲ್ಡ್‌ನ ಕೆಂಪು-ನೀಲಿ ಕುರ್ಚಿ. ಬೆನ್ನಿಗೆ ಕೆಂಪು, ಕೂರುವ ಹಲಗೆಗೆ ನೀಲಿ, ಕೋಲುಗಳೆಲ್ಲ ಕಪ್ಪು. ಆದರೆ ಕೋಲನ್ನು ಎಲ್ಲಿ ಕತ್ತರಿಸಿದ್ದಾನೋ ಆ ತುದಿಗೆ ಹಳದಿ. ಅಂದರೆ ಬಣ್ಣ ಸುಮ್ನೆ ಬಂದಿಲ್ಲ. ಇದು ಹೀಗೆ ಮಾಡಿದ ವಸ್ತು ಅಂತ ತೋರಿಸಲು ಬಂದಿದೆ.

ಮುಂದಿನ ಸೀಸನ್‌ಗೆ ಅದೇ ಕಟಿಂಗ್ ಮಾಸ್ಟರ್ ಜೊತೆ ವಿಡಿಯೋ ಕಾಲ್‌ನಲ್ಲಿ ಒಂದು ಗಂಟೆ ಕೂತೆ. ಮೈಪೂರ್ತಿ ಕೆಂಪು, ಮುಂದೆ ಹಿಂದೆ ಎರಡೂ ಕಡೆ. ಎಡ ತೋಳು ನೀಲಿ, ಬಲ ತೋಳು ಕೆಂಪು. ಹೊಲಿಗೆ ಇರುವ ಕಡೆ ಮಾತ್ರ ಕಪ್ಪು ಪೈಪಿಂಗ್, ಅಂದರೆ ಹೊಲಿಗೆಯಲ್ಲಿ ಕೂರಿಸುವ ಸಣ್ಣ ಬಟ್ಟೆಪಟ್ಟಿ. ತೋಳಿನ ತುದಿ, ಅಂಗಿಯ ಕೆಳಗಿನ ಅಂಚು, ಅಂದರೆ ಬಟ್ಟೆ ಮುಗಿಯುವ ಕಡೆ ಹಳದಿ. ಬೆನ್ನ ಮೇಲೆ ದಪ್ಪ ಬಿಳಿ ಸಂಖ್ಯೆ, ಸುತ್ತ ಬೇರೇನೂ ಇಲ್ಲ. ಹೊಲಿಗೆಯೇ ಗೆರೆ ಆದಮೇಲೆ ಯಾವ ಸೈಜಿನಲ್ಲೂ ಗೆರೆ ಮುರಿಯಲಿಲ್ಲ. ಒಬ್ಬ ಡಚ್ ಗೆಳೆಯ ಮೊದಲ ಸಲ ಹಾಕಿಕೊಂಡು ತೋಳಿನ ಹಳದಿ ಅಂಚು ಮುಟ್ಟಿ ನೋಡಿ, “ಕುರ್ಚಿ!” ಅಂದ. ನಾನು ಯಾರಿಗೂ ಹೇಳಿರಲಿಲ್ಲ.

ಹಾಗಾಗಿ ಯಾವ ಚಿತ್ರ, ಕಾಪಿರೈಟ್ ಸಮಸ್ಯೆ ಇದೆಯಾ, ಯಾವ ಪ್ರಿಂಟರ್ ಅಗ್ಗ ಅನ್ನುವುದನ್ನೆಲ್ಲ ಈಗ ಬಿಡಿ. ಮೊದಲು ನಿಮ್ಮ ಹೊಲಿಗೆಯವರಿಂದ ಪ್ಯಾಟರ್ನ್, ಅಂದರೆ ಜೆರ್ಸಿಯ ತುಂಡುಗಳನ್ನು ಕತ್ತರಿಸುವ ನಕ್ಷೆ, ತರಿಸಿ. ಆ ತುಂಡುಗಳ ಆಕಾರದಲ್ಲೇ ಕಾಗದ ಕತ್ತರಿಸಿ ಬಣ್ಣ ಹಚ್ಚಿ. ಕಂಪ್ಯೂಟರ್ ಆಮೇಲೆ. ಎಸ್ ಒಂದು, ಡಬಲ್ ಎಕ್ಸೆಲ್ ಒಂದು ಸ್ಯಾಂಪಲ್ ಹೊಲಿಸಿ. ಎದುರಾಳಿಗಳ ಜೆರ್ಸಿ ಜೊತೆ ಗೋಲ್‌ಪೋಸ್ಟ್‌ಗೆ ನೇತುಹಾಕಿ, ಐವತ್ತು ಹೆಜ್ಜೆ ಹಿಂದೆ ಬಂದು ಮೊಬೈಲ್‌ನಲ್ಲಿ ಕಪ್ಪು-ಬಿಳುಪು ಫೋಟೋ ತೆಗೆಯಿರಿ. ಎರಡೂ ಒಂದೇ ಬೂದು ಬಣ್ಣ ಕಂಡರೆ ಆರ್ಡರ್ ಕೊಡಬೇಡಿ.

ನಿಮ್ಮ ಲೀಗ್‌ನಲ್ಲಿ ಬೇರೆ ತಂಡಗಳು ಯಾವ ಬಣ್ಣ ಹಾಕುತ್ತವೆ ಅಂತ ಬರೆಯಿರಿ. ಪ್ಯಾಟರ್ನ್ ಫೋಟೋ ಇದ್ದರೆ ಅದನ್ನೂ ಹಾಕಿ, ಹೊಲಿಗೆ ಎಲ್ಲೆಲ್ಲಿ ಬರುತ್ತೆ ಅಂತ ಗುರುತು ಮಾಡಿ ಕೊಡುತ್ತೇನೆ.