ಮೊಟ್ಟೆಯ ಪ್ರತಿಕಾಯ ಬಾಯಲ್ಲಿ ತಗೊಂಡರೆ ಅಪಾಯವೇ?

ಮಗನಿಗೆ ಮೊಟ್ಟೆ ಅಂದ್ರೆ ಮೈಯೆಲ್ಲಾ ದದ್ದು ಏಳುತ್ತೆ, ಮೊಟ್ಟೆಯ ಪ್ರತಿಕಾಯದ (ರೋಗಾಣುವನ್ನು ಹಿಡಿದು ತಡೆಯುವ ಪ್ರೋಟೀನು, ಆ್ಯಂಟಿಬಾಡಿ) ಪುಡಿ ಕೊಡಬಹುದಾ ಅಂತ ಕೇಳಿದ್ದೀರಿ. ಅವನಿಗೆ ಬೇಡ. ಪ್ರತಿಕಾಯವನ್ನು ಎಷ್ಟೇ ಶುದ್ಧ ಮಾಡಿದರೂ ಮೊಟ್ಟೆಯ ಬೇರೆ ಪ್ರೋಟೀನು ಸ್ವಲ್ಪ ಉಳಿದಿರಬಹುದು. ಅಲರ್ಜಿಗೆ ಅಷ್ಟು ಸಾಕು. ಈಗಾಗಲೇ ಕೊಟ್ಟಿದ್ದರೆ ನಿಲ್ಲಿಸಿ, ಡಾಕ್ಟರಿಗೆ ತಿಳಿಸಿ.

ಅಲರ್ಜಿ ಇಲ್ಲದವರ ವಿಷಯ ಬೇರೆ. ಈ ಪ್ರತಿಕಾಯದ ಹೆಸರು ಐಜಿವೈ, ಇರೋದು ಹಳದಿಯಲ್ಲಿ. ಮಾಮೂಲಿ ಮೊಟ್ಟೆ ತಿನ್ನುವಾಗಲೂ ಹೊಟ್ಟೆಗೆ ಹೋಗುವಂಥದ್ದೇ. ಜೊತೆಗೆ, ನಮ್ಮ ದೇಹದ ಕಾಂಪ್ಲಿಮೆಂಟ್ ವ್ಯವಸ್ಥೆಯನ್ನು, ಅಂದ್ರೆ ರಕ್ತದಲ್ಲಿದ್ದು ಉರಿಯೂತ ಎಬ್ಬಿಸುವ ರಕ್ಷಣಾ ಪ್ರೋಟೀನುಗಳನ್ನು, ಇದು ಕೆರಳಿಸುವುದಿಲ್ಲ.

ಸ್ವೀಡನ್ನಿನಲ್ಲಿ ಸಿಸ್ಟಿಕ್ ಫೈಬ್ರೋಸಿಸ್ (ಶ್ವಾಸಕೋಶದಲ್ಲಿ ಗಟ್ಟಿ ಕಫ ಕಟ್ಟಿ ಪದೇ ಪದೇ ಸೋಂಕಾಗುವ ಆನುವಂಶಿಕ ಕಾಯಿಲೆ) ರೋಗಿಗಳು ಆ ಸೋಂಕು ತಡೆಯಲು ರಾತ್ರಿ ಹಲ್ಲುಜ್ಜಿ, ಐಜಿವೈ ದ್ರಾವಣದಿಂದ ಬಾಯಿ ಮುಕ್ಕಳಿಸಿ, ಉಗಿಯದೆ ನುಂಗುತ್ತಿದ್ದರು. ಕೆಲವರು ವರ್ಷಗಟ್ಟಲೆ. ತೊಂದರೆ ಕಾಣಲಿಲ್ಲ. ಆದರೆ ಆಮೇಲೆ ಯುರೋಪಿನಲ್ಲಿ ನಡೆದ ದೊಡ್ಡ ಪರೀಕ್ಷೆಯಲ್ಲಿ ನಿರೀಕ್ಷಿಸಿದ ಲಾಭ ಸಿಗಲಿಲ್ಲ. ಸೇಫ್ ಅಂದ ಮಾತ್ರಕ್ಕೆ ಕೆಲಸ ಮಾಡುತ್ತೆ ಅಂತಲ್ಲ, ಅಲ್ವಾ?

ನನಗೆ ಹಿಡಿಸಿದ್ದು ಢಾಕಾದ ಪರೀಕ್ಷೆ. ರೋಟಾವೈರಸ್ ಭೇದಿಯ ಮಕ್ಕಳಲ್ಲಿ ಒಂದು ಗುಂಪಿಗೆ ಆ ವೈರಸ್ಸಿನ ಲಸಿಕೆ ಹಾಕಿದ ಕೋಳಿಯ ಪ್ರತಿಕಾಯ, ಇನ್ನೊಂದಕ್ಕೆ ಲಸಿಕೆ ಇಲ್ಲದ ಕೋಳಿಯದ್ದು. ಎರಡೂ ಮೊಟ್ಟೆಯದ್ದೇ ಆದ್ದರಿಂದ ವ್ಯತ್ಯಾಸ ಕಂಡರೆ ಅದು ಆ ನಿರ್ದಿಷ್ಟ ಪ್ರತಿಕಾಯದ್ದೇ. ಲಾಭ ಕಂಡಿತು, ಆದರೆ ಸಾಧಾರಣ.

ಇನ್ನೊಂದು, ಹೊಟ್ಟೆಯ ಆಮ್ಲ ಐಜಿವೈಯನ್ನು ಬಹಳಷ್ಟು ಕರಗಿಸಿಬಿಡುತ್ತೆ. ಡಬ್ಬಿ ಮೇಲೆ ಇಷ್ಟು ಮಿಲಿಗ್ರಾಂ ಅಂತ ಬರೆದಿದ್ದರೂ ಅಷ್ಟೂ ಕರುಳು ಮುಟ್ಟುತ್ತೆ ಅಂತ ಸುಮ್ನೆ ನಂಬಬೇಡಿ.