ಮೊದಲು ಪಾದ, ಫಿರಂಗಿ ಆಮೇಲೆ

ನಡೆದಾಡುವ ಯುದ್ಧಯಂತ್ರಗಳ ಲೋಕವೊಂದನ್ನು ಕಲ್ಪಿಸಿ ಚಿತ್ರಪುಸ್ತಕ ಮಾಡುತ್ತಿದ್ದೇವೆ ಎಂದು ಬರೆಯುವವರು ಈಚೆಗೆ ಜಾಸ್ತಿಯಾಗಿದ್ದಾರೆ. ನನಗೆ ನಿಜಕ್ಕೂ ಖುಷಿ. ಕನ್ನಡದಲ್ಲಿ ಇಂಥ ಪುಸ್ತಕಗಳು ಬರಲೇಬೇಕು. ಆದರೆ ಯಾವ ಪತ್ರ ತೆರೆದರೂ ಅದೇ ಪ್ರಶ್ನೆ, ಅದೇ ತಪ್ಪು. ಬಿಡಿಬಿಡಿಯಾಗಿ ಉತ್ತರಿಸಿ ಸಾಕಾಗಿದೆ. ಹಾಗಾಗಿ ಈ ಸಲ ಒಂದು ಪ್ರಶ್ನೆಗೆ ಪೂರ್ತಿ ಉತ್ತರ ಬರೆಯುತ್ತೇನೆ, ಉಳಿದವಕ್ಕೆ ಚುಟುಕಾಗಿ. ಪರ್ಸ್ಪೆಕ್ಟಿವ್, ನೆರಳು-ಬೆಳಕು ನಿಮಗೆ ಬರುತ್ತದೆ ಎಂದುಕೊಂಡೇ ಬರೆಯುತ್ತಿದ್ದೇನೆ. ಬಾರದವರು ದಯವಿಟ್ಟು ಮೊದಲು ಅದನ್ನು ಕಲಿಯಿರಿ.

ಪ್ರಶ್ನೆ: ಮೇಡಂ, ಎರಡು ವರ್ಷದಿಂದ ಒಂದು ಲೋಕ ಕಟ್ಟುತ್ತಿದ್ದೇನೆ. ನಮ್ಮ ಕಡೆಯಂಥದೇ ಬಯಲು, ಎರಡು ರಾಜ್ಯಗಳು, ಎರಡರ ಬಳಿಯೂ ಎರಡು ಕಾಲಿನ ಯುದ್ಧಯಂತ್ರಗಳು. ಎತ್ತರ 12 ಮೀಟರ್, ತೂಕ 60 ಟನ್. ಇಲ್ಲಿಯವರೆಗೆ 43 ಯಂತ್ರ ಬಿಡಿಸಿದ್ದೇನೆ. ನೋಡಿದವರೆಲ್ಲ ಚೆನ್ನಾಗಿದೆ ಅಂತಾರೆ, ಆದರೆ ಆಟದ ಸಾಮಾನಿನ ಹಾಗೆ ಕಾಣುತ್ತೆ ಅಂತಲೂ ಅಂತಾರೆ. ಇನ್ನೂ ಡೀಟೇಲ್ ಹಾಕಬೇಕಾ? ಯಾವ ಬ್ರಷ್ ಬಳಸಿದರೆ ತೂಕ ಬರುತ್ತೆ? (ಗದಗ)

ಉತ್ತರ: ಇನ್ನೊಂದು ಬೋಲ್ಟನ್ನೂ ಸೇರಿಸಬೇಡಿ. ಪೈಪು, ಬೋಲ್ಟು, ತಗಡಿನ ಗೆರೆ ತುಂಬಿದರೆ ಯಂತ್ರ ನಿಜವಾಗಿ ಕಾಣುತ್ತದೆ ಎಂದು ವಿಡಿಯೊಗಳಲ್ಲಿ ಪಾಠ ಹೇಳುವವರು ಬಹಳ ಜನ. ಅದು ಸುಳ್ಳು. ಯಾವ ಬ್ರಷ್ಷೂ ತೂಕ ಕೊಡುವುದಿಲ್ಲ. ತೂಕ ಕೊಡುವುದು ನೆಲ.

ನೀವು ಕಳಿಸಿದ ಮೂರು ಚಿತ್ರಗಳಲ್ಲಿ ನಾನು ಮೊದಲು ಪಾದ ಹುಡುಕಿದೆ. ಒಂದರಲ್ಲಿ ಪಾದ ಧೂಳಿನಲ್ಲಿ ಮುಚ್ಚಿಹೋಗಿದೆ. ಇನ್ನೊಂದರಲ್ಲಿ ಹೊಗೆ. ಮೂರನೆಯದರಲ್ಲಿ ಪುಟದ ಅಂಚಿಗೆ ಕಾಲು ಕತ್ತರಿಸಿದೆ. ಬೇರೆಯವರು ಕಳಿಸುವ ಚಿತ್ರಗಳಲ್ಲೂ ಹೀಗೇ ಇರುತ್ತದೆ. ಪಾದ ಕಷ್ಟ, ಅದಕ್ಕೇ ಎಲ್ಲರೂ ಬಚ್ಚಿಡುತ್ತಾರೆ. ನೋಡುವವರಿಗೆ ಕಾರಣ ಗೊತ್ತಾಗದಿದ್ದರೂ ಏನೋ ಸುಳ್ಳು ಅನ್ನಿಸುತ್ತದೆ.

ಈಗ ಒಂದು ಲೆಕ್ಕ ಮಾಡೋಣ. ನಿಮ್ಮ ಯಂತ್ರದ ಪಾದವನ್ನು ಚಿತ್ರದಲ್ಲೇ ಅಳೆದೆ. ಅಗಲ ಸುಮಾರು 1 ಮೀಟರ್, ಉದ್ದ ಒಂದೂವರೆ ಮೀಟರ್. ಎರಡು ಕಾಲಿನ ಯಂತ್ರ ನಡೆಯುವಾಗ ಒಂದು ಹೊತ್ತು ಒಂದೇ ಕಾಲಿನ ಮೇಲೆ ನಿಲ್ಲುತ್ತದೆ, ಅಲ್ವಾ? ಆಗ 60 ಟನ್ನೂ ಒಂದೂವರೆ ಚದರ ಮೀಟರ್ ಮೇಲೆ. ಅಂದರೆ ಚದರ ಸೆಂಟಿಮೀಟರಿಗೆ 4 ಕಿಲೋ. ಕಾಲು ನೆಲಕ್ಕೆ ಅಪ್ಪಳಿಸುವಾಗ ಇನ್ನೂ ಜಾಸ್ತಿ. ನಮ್ಮ ಸೇನೆಯ ಟಿ-90 ಟ್ಯಾಂಕ್ ಸುಮಾರು 46 ಟನ್ ತೂಗುತ್ತದೆ. ಆದರೂ ಉದ್ದನೆಯ ಪಟ್ಟಿಗಳ ಮೇಲೆ ಭಾರ ಹಂಚಿಹೋಗುವುದರಿಂದ ನೆಲದ ಮೇಲಿನ ಒತ್ತಡ ಚದರ ಸೆಂಟಿಮೀಟರಿಗೆ 1 ಕಿಲೋ ಆಸುಪಾಸು. ನಿಮ್ಮ ಯಂತ್ರ ಅದರ ನಾಲ್ಕು ಪಟ್ಟು ಒತ್ತುತ್ತಿದೆ. ಅದೂ ಎಲ್ಲಿ? ನೀವೇ ಬರೆದ ಬಯಲಿನಲ್ಲಿ, ಎರೆಮಣ್ಣಿನಲ್ಲಿ.

ಎರೆಹೊಲದ ಬಗ್ಗೆ ಗದಗಿನವರಿಗೆ ನಾನು ಹೇಳಬೇಕೇ? ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು. ಮಳೆ ಬಿದ್ದರೆ ಉಬ್ಬಿ ಅಂಟು. ಚಪ್ಪಲಿಗೆ ಮೆತ್ತಿದ ಮಣ್ಣೇ ಎರಡು ಸೇರು. ಚಕ್ಕಡಿ ಹೂತರೆ ನಾಲ್ಕು ಎತ್ತು ಬೇಕು. ಅಂಥ ನೆಲದಲ್ಲಿ ನಿಮ್ಮ ಯಂತ್ರ ಮಂಡಿವರೆಗೆ ಹೂತು ನಿಲ್ಲುತ್ತದೆ. ನಿಮ್ಮ ಚಿತ್ರದಲ್ಲಿ ಅದು ಸಿಮೆಂಟು ನೆಲದ ಮೇಲೆ ನಿಂತ ಹಾಗೆ ನಿಂತಿದೆ. ಆಟದ ಸಾಮಾನು ಅನ್ನಿಸುವುದು ಅದಕ್ಕೇ.

ದಾರಿ ಎರಡಿವೆ. ಪಾದವನ್ನು ಟ್ಯಾಂಕಿನ ಮಟ್ಟಕ್ಕೆ ತರಬೇಕೆಂದರೆ ಅದು 6 ಚದರ ಮೀಟರ್ ಆಗಬೇಕು, 2 ಮೀಟರ್ ಅಗಲ, 3 ಮೀಟರ್ ಉದ್ದ. ಆಗ ಯಂತ್ರದ ರೂಪವೇ ಬದಲಾಗುತ್ತದೆ. ಇಲ್ಲವೇ ಪಾದ ಹಾಗೇ ಇರಲಿ, ಲೋಕ ಬದಲಾಗಲಿ. ನನಗೆ ಇಷ್ಟ ಎರಡನೆಯದು. ಮುಂಗಾರು ಬಂತೆಂದರೆ ನಿಮ್ಮ ಎರಡು ರಾಜ್ಯಗಳೂ ಯುದ್ಧ ನಿಲ್ಲಿಸಬೇಕು. ಯಂತ್ರಗಳು ಕಲ್ಲು ಹಾಸಿದ ದಾರಿ ಬಿಟ್ಟು ಕದಲುವಂತಿಲ್ಲ. ಹಾಗಾದರೆ ಕಾದಾಟ ಕೋಟೆಗಾಗಿ ಅಲ್ಲ, ಆ ದಾರಿಗಾಗಿ. ಕಲ್ಲು ಒಡೆಯುವವರು ಸೈನಿಕರಿಗಿಂತ ಮುಖ್ಯರಾಗುತ್ತಾರೆ. ನೋಡಿ, ಎರಡು ವರ್ಷದಿಂದ ಸಿಗದ ಕಥೆ ಒಂದು ಪಾದದ ಲೆಕ್ಕದಿಂದ ಬಂತು.

ಇನ್ನು ಕಾಲಿನ ದಪ್ಪ. ನಿಮ್ಮ ಹಳೆಯ ಸ್ಕೆಚ್ಚಿನಲ್ಲಿ ಈ ಯಂತ್ರ 3 ಮೀಟರ್ ಇತ್ತು. ಅದನ್ನೇ 12 ಮೀಟರಿಗೆ ಹಿಗ್ಗಿಸಿದ್ದೀರಿ. ಗೆಲಿಲಿಯೊ 1638ರಲ್ಲೇ ಬರೆದಿಟ್ಟ ಮಾತಿದು: ಎತ್ತರ 4 ಪಟ್ಟಾದರೆ ಕಾಲಿನ ಅಡ್ಡಕೊಯ್ತದ ವಿಸ್ತೀರ್ಣ 16 ಪಟ್ಟು, ತೂಕ 64 ಪಟ್ಟು. ಅಂದರೆ ಕಾಲಿನ ಒಂದೊಂದು ಚದರ ಇಂಚೂ ಮೊದಲಿಗಿಂತ 4 ಪಟ್ಟು ಭಾರ ಹೊರಬೇಕು. ಆಡಿನ ಕಾಲನ್ನು ಹಿಗ್ಗಿಸಿದರೆ ಆನೆಯ ಕಾಲಾಗುವುದಿಲ್ಲ. ಆನೆಯ ಕಾಲು ಕಂಬದ ಹಾಗೆ ನೇರ. ಎಷ್ಟೇ ಜೋರಾಗಿ ಹೋದರೂ ಅದರ ನಾಲ್ಕೂ ಕಾಲು ಒಟ್ಟಿಗೆ ನೆಲ ಬಿಡುವುದಿಲ್ಲ. ಒಳಗೆ ಅದು ಬೆರಳುಗಳ ಮೇಲೇ ನಿಂತಿರುತ್ತದೆ, ಹಿಂದೆ ಕೊಬ್ಬಿನ ದಿಂಬು. ಭಾರ ಬಿದ್ದಾಗ ಪಾದ ಅಗಲವಾಗುತ್ತದೆ, ಎತ್ತಿದಾಗ ಕಿರಿದಾಗುತ್ತದೆ. ಕೆಸರಿನಿಂದ ಕಾಲು ಕೀಳಲು ಅನುಕೂಲವಾಗುವುದೇ ಅದರಿಂದ. ನಿಮ್ಮ 43 ಯಂತ್ರಗಳಲ್ಲಿ ಒಂದಕ್ಕಾದರೂ ಇಂಥ ಪಾದ ಇದೆಯೇ?

ಕಾಲು ಬಿಗಿಯಾಗಿ ಕಾಣುವ ತಪ್ಪು ಹೊಸದೇನಲ್ಲ. ಇಂಗ್ಲಿಷ್ ಕಾದಂಬರಿಕಾರ ಎಚ್. ಜಿ. ವೆಲ್ಸ್ ಅವರ ‘ದಿ ವಾರ್ ಆಫ್ ದಿ ವರ್ಲ್ಡ್ಸ್’, ಅಂದರೆ ಮಂಗಳ ಗ್ರಹವಾಸಿಗಳ ಮೂರು ಕಾಲಿನ ಯಂತ್ರಗಳ ಕಥೆ, 1897ರಲ್ಲಿ ಪತ್ರಿಕೆಯಲ್ಲಿ ಚಿತ್ರಗಳೊಂದಿಗೆ ಬಂತು. ಮರುವರ್ಷ ಅದು ಪುಸ್ತಕವಾದಾಗ ಕಥೆ ಹೇಳುವವನ ಬಾಯಲ್ಲೇ ಒಂದು ದೂರು ಬರುತ್ತದೆ. ಯಂತ್ರಗಳ ಚಿತ್ರ ಬರೆದವನೊಬ್ಬ ಅವನ್ನು ಬಳುಕೇ ಇಲ್ಲದ ಸೆಟೆದ ಮುಕ್ಕಾಲಿಯಾಗಿ ತೋರಿಸಿದ ಎಂದು. ಬ್ರೆಜಿಲಿನ ಅಲ್ವಿಮ್ ಕೊರೆಯಾ ಅದೇ ಕಥೆಗೆ ಬರೆದು 1906ರಲ್ಲಿ ಅಚ್ಚಾದ ಚಿತ್ರಗಳನ್ನು ಹುಡುಕಿ ನೋಡಿ. ಅಲ್ಲಿ ಕಾಲುಗಳಿಗೆ ಜೀವ ಇದೆ.

ನಿಜವಾಗಿ ಕಟ್ಟಿದ ಯಂತ್ರಗಳನ್ನೂ ಓದಿಕೊಳ್ಳಿ. 1960ರ ದಶಕದಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿ ಅಮೆರಿಕದ ಸೇನೆಗಾಗಿ ನಾಲ್ಕು ಕಾಲಿನ ನಡೆಯುವ ಟ್ರಕ್ ಕಟ್ಟಿತು. ಎತ್ತರ ಸುಮಾರು 3.3 ಮೀಟರ್. ನಡೆಸುವವನು ಒಳಗೆ ಕೂತು ತನ್ನ ಎರಡು ಕೈ, ಎರಡು ಕಾಲಿನಿಂದಲೇ ಅದರ ನಾಲ್ಕೂ ಕಾಲು ಆಡಿಸಬೇಕಿತ್ತು. ಕಾಲು ಗಂಟೆಯೊಳಗೆ ಅವನಿಗೆ ಸುಸ್ತು. ಯುದ್ಧಕ್ಕೆ ಅದು ಹೋಗಲೇ ಇಲ್ಲ. ಈಚೆಗೆ ಬಾಸ್ಟನ್ ಡೈನಾಮಿಕ್ಸ್ ಎಂಬ ರೋಬಾಟ್ ಕಂಪನಿ ಸಾಮಾನು ಹೊರುವ ನಾಲ್ಕು ಕಾಲಿನ ಯಂತ್ರ ಮಾಡಿತ್ತು. 2015ರಲ್ಲಿ ಅಮೆರಿಕದ ಮರೀನ್ ಪಡೆ ಅದನ್ನು ಬೇಡವೆಂದಿತು. ಎಂಜಿನ್ ಸದ್ದು ವಿಪರೀತ, ಸೈನಿಕರು ಎಲ್ಲಿದ್ದಾರೆಂದು ಶತ್ರುವಿಗೆ ತಿಳಿದುಬಿಡುತ್ತಿತ್ತು. ಒಂದರಲ್ಲಿ ಸುಸ್ತು, ಇನ್ನೊಂದರಲ್ಲಿ ಸದ್ದು. ನಿಮ್ಮ ಲೋಕದಲ್ಲಿ ಇವೆರಡೂ ಇಲ್ಲ. ಯಂತ್ರ ನಡೆಸುವವನ ಮುಖದಲ್ಲಿ ಬೆವರೂ ಇಲ್ಲ.

ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. 43 ಯಂತ್ರಗಳ ಪಕ್ಕ ಒಬ್ಬ ಮನುಷ್ಯನೂ ಇಲ್ಲ.

ಮೈಸೂರು ದಸರಾ ನೋಡಿದ್ದೀರಿ. ಚಿನ್ನದ ಅಂಬಾರಿ ಸುಮಾರು 750 ಕಿಲೋ. ಅದನ್ನು ಸುಮ್ನೆ ಆನೆಯ ಬೆನ್ನಿಗೆ ಇಟ್ಟುಬಿಡುವುದಿಲ್ಲ. ಬೆನ್ನಿಗೆ ಮೊದಲು ನಮ್ದಾ ಎಂಬ ದಪ್ಪ ಹಾಸು, ಅದರ ಮೇಲೆ ಗಾದಿ, ಹಗ್ಗದ ಬಿಗಿತ, ಆಮೇಲೆ ಅಂಬಾರಿ. ವಾರಗಟ್ಟಲೆ ಮೊದಲೇ ಮರಳು ಮೂಟೆ ಹೊರಿಸಿ ಅಭ್ಯಾಸ. ಆನೆಯ ಜೊತೆ ಮಾವುತ, ಅವನ ಸಹಾಯಕ ಕಾವಾಡಿ, ಅವರ ಹೆಂಡತಿ ಮಕ್ಕಳು ಕಾಡಿನ ಶಿಬಿರದಿಂದ ಅರಮನೆ ಆವರಣಕ್ಕೆ ಬರುತ್ತಾರೆ. ಮಕ್ಕಳಿಗೆ ಅಲ್ಲೇ ಟೆಂಟ್ ಶಾಲೆ. ಒಂದು ದಿನದ ಮೆರವಣಿಗೆಯ ಹಿಂದೆ ಇಷ್ಟು ಬದುಕು. ನಿಮ್ಮ ಯಂತ್ರಕ್ಕೆ ಮಾವುತ ಯಾರು? ಕಾವಾಡಿ ಯಾರು? ಕೀಲಿಗೆ ಗ್ರೀಸ್ ಹಾಕಲು ಮೇಲೆ ಹತ್ತುವವರು ಯಾರು, ಹೇಗೆ ಹತ್ತುತ್ತಾರೆ? ಆ ಏಣಿ ನಿಮ್ಮ ಚಿತ್ರದಲ್ಲಿ ಎಲ್ಲಿದೆ? ಅಡುಗೆ ಎಲ್ಲಿ ಬೇಯುತ್ತದೆ? ಪಾದದ ಪಕ್ಕ ಒಬ್ಬ ಹೆಂಗಸು ಬುತ್ತಿ ಬಿಚ್ಚಿ ಕೂತಿದ್ದರೆ ಸಾಕು, 12 ಮೀಟರ್ ಎಷ್ಟೆಂದು ಓದುಗರಿಗೆ ತಟ್ಟನೆ ಗೊತ್ತಾಗುತ್ತದೆ.

ಹಾಗಾಗಿ 43ರಲ್ಲಿ ಒಂದನ್ನು ಆರಿಸಿ, ಉಳಿದವನ್ನು ಪೆಟ್ಟಿಗೆಗೆ ಹಾಕಿ. ಆ ಒಂದನ್ನೇ ಇಪ್ಪತ್ತು ಸಲ ಬಿಡಿಸಿ. ಕೆಸರಿನಿಂದ ಕಾಲು ಕೀಳುವಾಗ. ಕೂರುವಾಗ, ಏಕೆಂದರೆ ಅದು ಎಲ್ಲಿ ಕೂರುತ್ತದೆಂದು ನೀವು ಯೋಚಿಸಿಯೇ ಇಲ್ಲ. ಮಂಡಿ ಬಿಚ್ಚಿ ರಿಪೇರಿ ಮಾಡುವಾಗ. ಕೆಟ್ಟು ನಿಂತು ಹತ್ತು ವರ್ಷವಾಗಿ ಮೇಲೆ ಜಾಲಿ ಬೆಳೆದಾಗ. ಅದಕ್ಕೂ ಮೊದಲು ನಾಲ್ಕು ದಿನ ನಿಮ್ಮೂರಿನ ಜೆಸಿಬಿ ಮುಂದೆ ಕೂತು ಬಿಡಿಸಿ. ಎಣ್ಣೆಯ ಹೋಸು ಕೀಲಿನ ಹತ್ತಿರ ಯಾಕೆ ಸಡಿಲವಾಗಿ ಬಾಗಿದೆ, ಪಿಸ್ಟನ್ ಕಂಬಿ ಮಾತ್ರ ಯಾಕೆ ಹೊಳೆಯುತ್ತದೆ, ಅಗೆಯುವ ಮೊದಲು ಹಿಂದಿನ ಎರಡು ಕಾಲು ಊರಿ ಯಾಕೆ ನಿಲ್ಲುತ್ತದೆ ಎಂದು ಡ್ರೈವರನ್ನೇ ಕೇಳಿ. ಸಂತೋಷದಿಂದ ಹೇಳುತ್ತಾರೆ. ಸಾವಿರಾರು ರೂಪಾಯಿಯ ಕೋರ್ಸಿನಲ್ಲಿ ಇದು ಸಿಗುವುದಿಲ್ಲ. ಮೂವತ್ತು ದಿನಕ್ಕೆ ಕಾನ್ಸೆಪ್ಟ್ ಆರ್ಟಿಸ್ಟ್ ಮಾಡುತ್ತೇವೆ ಎನ್ನುವವರು ನಿಮ್ಮ ದುಡ್ಡು ತಿನ್ನುವವರು. ಅವರ ಮಾತು ಕೇಳಬೇಡಿ.

ಪ್ರಶ್ನೆ: ಚಿತ್ರ ಬಿಡಿಸಲು ಯಾವ ಟ್ಯಾಬ್ಲೆಟ್ ಕೊಂಡರೆ ಒಳ್ಳೆಯದು? (ಬೆಂಗಳೂರು, ತುಮಕೂರು, ದುಬೈ ಮತ್ತು ಇನ್ನೂ ಹಲವರು)

ಉತ್ತರ: ಒಂದು ನೋಟ್‌ಬುಕ್ ಪೂರ್ತಿ ಪಾದಗಳನ್ನು ಬಿಡಿಸಿ ಮುಗಿಸಿದ ಮೇಲೆ ಕೇಳಿ.

ಪ್ರಶ್ನೆ: ನನ್ನ ಲೋಕದ 2000 ವರ್ಷಗಳ ಇತಿಹಾಸ ಬರೆಯುತ್ತಿದ್ದೇನೆ. ಅದು ಮುಗಿದ ಮೇಲೆ ಚಿತ್ರ ಶುರು ಮಾಡಲಾ? (ಮಂಗಳೂರು)

ಉತ್ತರ: ಬೇಡ, ಇವತ್ತೇ ಶುರು ಮಾಡಿ. ಆ ಇತಿಹಾಸ ಮುಗಿಯುವುದಿಲ್ಲ.

ಪ್ರಶ್ನೆ: ಎಐಗೆ ಹೇಳಿ ಚಿತ್ರ ಮಾಡಿಸಿ, ನಾನು ಕಥೆ ಮಾತ್ರ ಬರೆದರೆ ಆಗದೇ? (ಮೈಸೂರು)

ಉತ್ತರ: ನಿಮ್ಮ ಮಾದರಿ ಪುಟಗಳನ್ನು ನೋಡಿದೆ. ಮೂರನೇ ಪುಟದಲ್ಲಿ ಯಂತ್ರಕ್ಕೆ ನಾಲ್ಕು ಕಾಲು, ಏಳನೇ ಪುಟದಲ್ಲಿ ಐದು. ಎಡ ಮಂಡಿಗೆ ಬಿದ್ದ ಗುಂಡಿನ ಗಾಯ ಮುಂದಿನ ಪುಟದಲ್ಲಿ ಮಾಯ. ಮಕ್ಕಳು ಇದನ್ನೆಲ್ಲ ಎಣಿಸುತ್ತಾರೆ. ಚಿತ್ರ ಬರೆಯಲು ಬಾರದಿದ್ದರೆ ಬರೆಯಬಲ್ಲ ಗೆಳೆಯರನ್ನು ಹುಡುಕಿ, ಅವರ ಹೆಸರನ್ನು ಮುಖಪುಟದ ಮೇಲೆ ನಿಮ್ಮ ಹೆಸರಿನಷ್ಟೇ ದೊಡ್ಡದಾಗಿ ಹಾಕಿ.

ಪ್ರಶ್ನೆ: ಚಿತ್ರಗಳನ್ನು ನನ್ನ ವಿಳಾಸಕ್ಕೇ ರಿಜಿಸ್ಟರ್ಡ್ ಪೋಸ್ಟ್ ಮಾಡಿ ಒಡೆಯದೆ ಇಟ್ಟರೆ ಕಾಪಿರೈಟ್ ಸಿಗುತ್ತದಂತೆ, ಹೌದಾ? ಒಂದು ಪ್ರಕಾಶನದವರು ಐಎಸ್‌ಬಿಎನ್ (ಪುಸ್ತಕದ ಗುರುತು ಸಂಖ್ಯೆ) ಸೇರಿಸಿ ಪ್ಯಾಕೇಜ್ ಕೊಡುತ್ತೇವೆ ಎನ್ನುತ್ತಿದ್ದಾರೆ. (ದಾವಣಗೆರೆ)

ಉತ್ತರ: ಲಕೋಟೆಯ ಕಥೆಯನ್ನು ಮರೆತುಬಿಡಿ. ಬಿಡಿಸಿದ ಕ್ಷಣದಿಂದಲೇ ಹಕ್ಕು ನಿಮ್ಮದು. ದಾಖಲೆ ಬೇಕೆಂದರೆ ಕಾಪಿರೈಟ್ ಕಚೇರಿಯಲ್ಲಿ ನೋಂದಾಯಿಸಿ. ನಡೆಯುವ ಯಂತ್ರ ಎಂಬ ಐಡಿಯಾದ ಮೇಲೆ ಮಾತ್ರ ಯಾರಿಗೂ ಹಕ್ಕಿಲ್ಲ, ನಿಮಗೂ ಇಲ್ಲ. ಇನ್ನು ಐಎಸ್‌ಬಿಎನ್. ಭಾರತದಲ್ಲಿ ಅದನ್ನು ರಾಜಾ ರಾಮಮೋಹನ್ ರಾಯ್ ರಾಷ್ಟ್ರೀಯ ಏಜೆನ್ಸಿ ಉಚಿತವಾಗಿ ಕೊಡುತ್ತದೆ. ಅದಕ್ಕೆ ದುಡ್ಡು ಕೇಳುವವರಿಗೆ ಹಸ್ತಪ್ರತಿ ಕೊಡಬೇಡಿ.

ಪ್ರಶ್ನೆ: 50 ಪುಟದ ಪುಸ್ತಕ ಸಿದ್ಧವಾಗಿದೆ, ಹೆಚ್ಚಿನವು ರಾತ್ರಿ ಯುದ್ಧದ ಚಿತ್ರಗಳು. ಪ್ರೆಸ್ಸಿಗೆ ಕೊಡುವ ಮುಂಚೆ ಏನು ನೋಡಬೇಕು? (ಹುಬ್ಬಳ್ಳಿ)

ಉತ್ತರ: ಪುಟ 48ಕ್ಕೆ ಇಳಿಸಿ. 16 ಪುಟಕ್ಕೆ ಒಂದು ಫಾರಂ, ಅಂದರೆ ಒಟ್ಟಿಗೆ ಅಚ್ಚಾಗಿ ಮಡಚುವ ಕಟ್ಟು, 48 ಆದರೆ ಸರಿಯಾಗಿ ಮೂರು. ಎರಡು ಪುಟಕ್ಕೆ ಹರಡಿದ ಚಿತ್ರಗಳಲ್ಲಿ ಯಂತ್ರದ ಮುಖವಾಗಲಿ ಕೀಲಾಗಲಿ ನಡು ಮಡಿಕೆಗೆ ಸಿಗದಂತೆ ನೋಡಿಕೊಳ್ಳಿ. ಸಾದಾ ಹಾಳೆ ಮಡಚಿ, ಹೊಲಿದು, ಪೆನ್ಸಿಲಿನಲ್ಲಿ ಒಂದು ಡಮ್ಮಿ ಮಾಡಿ. ಎಲ್ಲಿ ಏನು ನುಂಗಿಹೋಗುತ್ತದೆಂದು ಆಗಲೇ ಗೊತ್ತಾಗುತ್ತದೆ.

ರಾತ್ರಿ ಚಿತ್ರಗಳ ಬಗ್ಗೆ ನನಗೆ ಭಯವಿದೆ, ಕಾರಣ ಹೇಳುತ್ತೇನೆ. ಹಿಂದೊಮ್ಮೆ ನನ್ನ ಪುಸ್ತಕವೊಂದನ್ನು ಪ್ರೂಫ್ (ಮಾದರಿ ಅಚ್ಚು) ತೋರಿಸದೆ ಅಚ್ಚು ಹಾಕಿದರು. ಪರದೆಯ ಮೇಲೆ ಗಾಢ ನೀಲಿಯಾಗಿದ್ದ ಆಕಾಶ ಕಾಗದದ ಮೇಲೆ ಕಪ್ಪು ಕೆಸರಾಗಿ ಬಂತು. ಆರು ತಿಂಗಳ ಕೆಲಸ. ಸಾವಿರ ಪ್ರತಿಯಲ್ಲೂ ಬೆಟ್ಟ ಯಾವುದು, ಯಂತ್ರ ಯಾವುದು ತಿಳಿಯಲಿಲ್ಲ. ಅವತ್ತಿನಿಂದ ನಾನು ಬಣ್ಣದ ಪ್ರೂಫನ್ನು ಅದೇ ಕಾಗದದ ಮೇಲೆ, ಹಗಲು ಬೆಳಕಿನಲ್ಲಿ ನೋಡದೆ ಸಹಿ ಹಾಕುವುದಿಲ್ಲ. ನೀವೂ ಹಾಕಬೇಡಿ, ಪ್ರೆಸ್ಸಿನವರು ಎಷ್ಟೇ ಅವಸರ ಮಾಡಲಿ. ಸಿಎಂವೈಕೆಗೆ, ಅಂದರೆ ಅಚ್ಚಿನ ನಾಲ್ಕು ಬಣ್ಣಕ್ಕೆ, ಬದಲಿಸಿದ ಮೇಲೆ ಕಪ್ಪು ಜಾಗದಲ್ಲಿ ನಾಲ್ಕೂ ಬಣ್ಣದ ಶೇಕಡಾ ಕೂಡಿಸಿದರೆ 300 ದಾಟದಂತೆ ಇಳಿಸಿ. ಯಂತ್ರದ ಅಂಚಿಗೆ ಒಂದು ಬೆಂಕಿಯ ಬೆಳಕೋ, ತಿಂಗಳ ಬೆಳಕೋ ತನ್ನಿ.

ಪ್ರಶ್ನೆ: ನನ್ನ ಮಗನಿಗೆ 11 ವರ್ಷ. ದಿನವಿಡೀ ಕಾಲಿರುವ ಟ್ಯಾಂಕುಗಳನ್ನೇ ಬಿಡಿಸುತ್ತಾನೆ. ಯುದ್ಧದ ಹುಚ್ಚು ಹಿಡಿಯುತ್ತದೆ ಎಂದು ಮನೆಯಲ್ಲಿ ಹಿರಿಯರು ಹೆದರಿಸುತ್ತಿದ್ದಾರೆ. ತಡೆಯಲಾ? (ಶಿವಮೊಗ್ಗ)

ಉತ್ತರ: ತಡೆಯಬೇಡಿ. ಸಕ್ರೆಬೈಲಿನ ಆನೆ ಶಿಬಿರ ನಿಮಗೆ ಹತ್ತಿರ. ಒಂದು ಬೆಳಿಗ್ಗೆ ಕರೆದುಕೊಂಡು ಹೋಗಿ, ಆನೆಗಳು ನೀರಿನಿಂದ ದಡಕ್ಕೆ ಹತ್ತುವ ಜಾಗದಲ್ಲಿ ಕೂರಿಸಿ. ಕಾಲು ಕೆಸರಿಗೆ ಹೇಗೆ ಇಳಿಯುತ್ತದೆ, ಹೇಗೆ ಏಳುತ್ತದೆ ಬಿಡಿಸಲಿ. ಪಕ್ಕದಲ್ಲಿ ನಿಂತ ಮಾವುತನನ್ನೂ ಬಿಡಿಸಲು ಹೇಳಿ. ಮನೆಗೆ ಬಂದ ಮೇಲೆ ಅವನ ಟ್ಯಾಂಕಿಗೆ ಎಂಥ ಪಾದ ಬರುತ್ತದೆ ನೋಡಿ. ಆ ಚಿತ್ರವನ್ನು ನನಗೂ ಕಳಿಸಿ.